ವೈಮಾರ್ ಕಾಲದ ರಾಜಕೀಯ ಭಿತ್ತಿಪತ್ರವನ್ನು ಓದುವ ಬಗೆ

1918ರ ನವೆಂಬರ್ ಕ್ರಾಂತಿಯಿಂದ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬರುವವರೆಗೆ, ಅಂದರೆ ವೈಮಾರ್ ಗಣರಾಜ್ಯವೆಂದು ಕರೆಯುವ ಕಾಲದಲ್ಲಿ, ಜರ್ಮನಿಯ ಗೋಡೆಗಳ ಮೇಲೆ ಅಂಟಿಸಲಾದ ರಾಜಕೀಯ ಭಿತ್ತಿಪತ್ರಗಳಲ್ಲಿ ಬಹಳಷ್ಟನ್ನು ಇಂದು ಸಂಗ್ರಹಾಲಯಗಳ ಜಾಲತಾಣಗಳಲ್ಲಿ ಯಾರು ಬೇಕಾದರೂ ನೋಡಬಹುದು. ಅವುಗಳನ್ನು ಓದಲು ಹೊರಡುವವರು ಸಾಮಾನ್ಯವಾಗಿ ಸಂಕೇತಗಳ ಪಟ್ಟಿಯೊಂದನ್ನು ಜೊತೆಗಿಟ್ಟುಕೊಳ್ಳುತ್ತಾರೆ. ಕೆಂಪು ಕ್ರಾಂತಿಯ ಬಣ್ಣ, ಸುತ್ತಿಗೆ ಹಿಡಿದ ಕಾರ್ಮಿಕ ಎಡಪಕ್ಷದವನು, ಮುರಿದ ಸಂಕೋಲೆ ಬಿಡುಗಡೆಯ ಗುರುತು ಎಂಬಂಥ ಪಟ್ಟಿ ಅದು. ಈ ಪಟ್ಟಿ ನಾಲ್ಕನೆಯ ಚಿತ್ರದ ಹೊತ್ತಿಗೆ ಕೈಕೊಡುತ್ತದೆ, ಏಕೆಂದರೆ ಆ ಕಾಲದ ಜರ್ಮನಿಯಲ್ಲಿ ಯಾವ ಸಂಕೇತವೂ ಒಂದೇ ಪಕ್ಷದ ಆಸ್ತಿಯಾಗಿ ಉಳಿಯಲಿಲ್ಲ. ಅದೇ ಕೆಂಪು, ಅದೇ ಕಾರ್ಮಿಕ, ಅದೇ ಸಂಕೋಲೆಗಳನ್ನು ಒಬ್ಬರ ಕೈಯಿಂದ ಇನ್ನೊಬ್ಬರು ಕಿತ್ತುಕೊಂಡು, ತಿರುಚಿ, ಎದುರಾಳಿಯ ಮೇಲೆಯೇ ತಿರುಗಿಸುತ್ತಿದ್ದರು. ಆದ್ದರಿಂದ ಪ್ರತಿಯೊಂದು ಚಿತ್ರದ ಮುಂದೆಯೂ ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಗುರುತು ಆ ತಿಂಗಳು ಯಾರ ಬಳಿ ಇತ್ತು, ಅದನ್ನು ಯಾರು ಯಾರಿಂದ ಕಸಿದುಕೊಳ್ಳುತ್ತಿದ್ದಾರೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವನ್ನು ಮುಂದೆ ವಿವರಿಸಿದ್ದೇನೆ.

ಕೆಳಅಂಚಿನಿಂದ ಆರಂಭಿಸಿ

ಚಿತ್ರವನ್ನು ನೋಡುವ ಮೊದಲು ಕೆಳಗಿನ ಅಂಚನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. 1874ರ ಪತ್ರಿಕಾ ಕಾನೂನು ಮುದ್ರಿತ ಕಾಗದದ ಮೇಲೆ ಮುದ್ರಕರ ಹೆಸರು ಮತ್ತು ಊರು ಇರಬೇಕೆಂದು ವಿಧಿಸಿತ್ತು. ಅದು ವೈಮಾರ್ ಗಣರಾಜ್ಯದಲ್ಲಿಯೂ ಜಾರಿಯಲ್ಲಿದ್ದುದರಿಂದ ಹೆಚ್ಚಿನ ಭಿತ್ತಿಪತ್ರಗಳ ಅಡಿಯಲ್ಲಿ ಸಣ್ಣ ಅಕ್ಷರಗಳ ಸಾಲೊಂದು ಸಿಗುತ್ತದೆ. ಮುದ್ರಣಾಲಯ ಬರ್ಲಿನ್ನಿನದೋ ಮ್ಯೂನಿಕ್ಕಿನದೋ ಎಂಬುದಷ್ಟೇ ತಿಳಿದರೂ ಓದು ಬದಲಾಗುತ್ತದೆ. ಮ್ಯೂನಿಕ್ಕಿನಲ್ಲಿ 1919ರ ವಸಂತದಲ್ಲಿ ಸೋವಿಯತ್ ಮಾದರಿಯ ಸರ್ಕಾರವೊಂದು ಕೆಲವು ವಾರ ನಡೆದು ರಕ್ತಪಾತದಲ್ಲಿ ಕೊನೆಗೊಂಡಿತ್ತು. ಆ ನಂತರ ಅಲ್ಲಿ ಅಚ್ಚಾದ ಭಿತ್ತಿಪತ್ರದಲ್ಲಿ ಬೊಲ್ಷೆವಿಕ್ ದೈತ್ಯ ಕಾಣಿಸಿದರೆ ಅದು ದೂರದ ರಷ್ಯಾದ ಕಥೆಯಾಗಿರದೆ, ನೋಡುವವನ ಬೀದಿಯಲ್ಲೇ ನಡೆದುಹೋದ ಸಂಗತಿಯ ನೆನಪಾಗಿರುತ್ತದೆ.

ಎರಡನೆಯದಾಗಿ ಪಟ್ಟಿಯ ಸಂಖ್ಯೆಯನ್ನು ಹುಡುಕಬೇಕು. ಮತದಾರರು ವ್ಯಕ್ತಿಗಳಿಗಲ್ಲದೆ ಪಕ್ಷದ ಪಟ್ಟಿಗೆ ಮತ ಹಾಕುತ್ತಿದ್ದರು. ಈ ಕಾಲದ ಕೊನೆಯ ಚುನಾವಣೆಗಳಲ್ಲಿ, ಹಿಂದಿನ ರೈಖ್‌ಸ್ಟಾಗ್‌ನಲ್ಲಿ (ರಾಷ್ಟ್ರೀಯ ಸಂಸತ್ತಿನಲ್ಲಿ) ಪಕ್ಷಕ್ಕಿದ್ದ ಬಲದ ಕ್ರಮದಲ್ಲಿ ಪಟ್ಟಿಗಳಿಗೆ ಸಂಖ್ಯೆ ಸಿಗುತ್ತಿತ್ತು. ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 1928ರಲ್ಲಿ, 1930ರಲ್ಲಿ ಮತ್ತು 1932ರ ಜುಲೈಯಲ್ಲಿ 1ನೆಯ ಪಟ್ಟಿಯಾಗಿತ್ತು. 1932ರ ನವೆಂಬರ್ ಮತ್ತು 1933ರ ಮಾರ್ಚ್‌ನಲ್ಲಿ 2ಕ್ಕೆ ಇಳಿಯಿತು. ನಾತ್ಸಿ ಪಕ್ಷ 1930ರಲ್ಲಿ 9, 1932ರ ಜುಲೈಯಲ್ಲಿ 2, ಅದೇ ವರ್ಷದ ನವೆಂಬರಿನಿಂದ 1. ಕಮ್ಯುನಿಸ್ಟ್ ಪಕ್ಷ 1928ರಲ್ಲಿ 5, 1930ರಲ್ಲಿ 4, ಆಮೇಲೆ 3. ಇಸವಿಯೇ ಇಲ್ಲದ ಭಿತ್ತಿಪತ್ರದ ಕಾಲವನ್ನು ನಿರ್ಧರಿಸಲು ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಪ್ರಾಂತೀಯ ಶಾಸನಸಭೆಗಳ ಚುನಾವಣೆಗಳಲ್ಲಿ ಸಂಖ್ಯೆಗಳು ಬೇರೆಯಾಗಿರುತ್ತಿದ್ದವು ಎಂಬುದನ್ನು ಮಾತ್ರ ಮರೆಯಬಾರದು.

ಕೆಲವೊಮ್ಮೆ ಈ ಸಂಖ್ಯೆಯೇ ಸಂಕೇತವಾಗುತ್ತದೆ. 1928ರಲ್ಲಿ ಕಮ್ಯುನಿಸ್ಟ್ ಪಕ್ಷಕ್ಕಾಗಿ ಜಾನ್ ಹಾರ್ಟ್‌ಫೀಲ್ಡ್ ಮಾಡಿದ ಭಿತ್ತಿಪತ್ರದಲ್ಲಿ ದುಡಿದು ಮಸಿ ಹಿಡಿದ ಅಂಗೈಯೊಂದು ಬೆರಳುಗಳನ್ನು ಅಗಲಿಸಿ ನೋಡುಗನ ಕಡೆಗೆ ಚಾಚಿಕೊಂಡಿದೆ. ಕೈಗೆ ಐದು ಬೆರಳು, ಐದರಿಂದ ವೈರಿಯನ್ನು ಹಿಡಿಯುತ್ತೀ, 5ನೆಯ ಪಟ್ಟಿಗೆ ಮತ ಹಾಕು ಎಂಬುದು ಅದರ ಬರಹದ ಸಾರ. ಪಕ್ಷದ ಲಾಂಛನವನ್ನು ದೊಡ್ಡದಾಗಿ ತೋರಿಸುವ ಬದಲು, ಮತಪತ್ರದ ಒಂದು ಒಣ ಅಂಕಿಯನ್ನು ಮಾನವ ದೇಹದ ಭಾಗವಾಗಿಸಿದ ಈ ಕೆಲಸವನ್ನು ನಾನು ಆ ದಶಕದ ಅತ್ಯಂತ ಪ್ರತಿಭಾವಂತ ರಚನೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಅದು ಚಿತ್ರವಲ್ಲ, ಛಾಯಾಚಿತ್ರ ಎಂಬುದೂ ಗಮನಾರ್ಹ: ಬರೆದ ಕೈ ಯಾರದೂ ಆಗಿರಬಹುದು, ಛಾಯಾಚಿತ್ರದ ಕೈ ನಿಜವಾಗಿ ದುಡಿದ ಒಬ್ಬನದು.

ನೋಡುವ ದೂರವನ್ನು ಕಲ್ಪಿಸಿಕೊಳ್ಳಿ

ಪರದೆಯ ಮೇಲೆ ಒಂದು ಭಿತ್ತಿಪತ್ರ ಒಂಟಿಯಾಗಿ, ಬಿಳಿ ಹಿನ್ನೆಲೆಯಲ್ಲಿ, ಅಂಗೈಯಗಲ ಕಾಣಿಸುತ್ತದೆ. ಬೀದಿಯಲ್ಲಿ ಅದು ಹಾಗೆ ಇರಲಿಲ್ಲ. ಬರ್ಲಿನ್ನಿನ ಮುದ್ರಕ ಎರ್ನ್‌ಸ್ಟ್ ಲಿಟ್‌ಫಾಸ್ 1855ರಲ್ಲಿ ನಿಲ್ಲಿಸಿದ ದುಂಡನೆಯ ಜಾಹೀರಾತು ಕಂಬಗಳು ಅಷ್ಟು ಹೊತ್ತಿಗೆ ಜರ್ಮನಿಯ ನಗರಗಳಲ್ಲೆಲ್ಲ ಹರಡಿದ್ದವು. ಚುನಾವಣೆಯ ವಾರಗಳಲ್ಲಿ ಒಂದೇ ಕಂಬದ ಮೇಲೆ ನಾಲ್ಕಾರು ಪಕ್ಷಗಳ ಕಾಗದಗಳು ಒಂದರ ಪಕ್ಕ ಒಂದು, ಎಷ್ಟೋ ಸಲ ಒಂದರ ಮೇಲೊಂದು ಬೀಳುತ್ತಿದ್ದವು. ಟ್ರಾಮಿನಿಂದ ನೋಡುವವನಿಗೆ ಎರಡು ಕ್ಷಣವೂ ಸಿಗುತ್ತಿರಲಿಲ್ಲ. ಆದ್ದರಿಂದ ಚಿತ್ರವನ್ನು ಮೊದಲು ಚಿಕ್ಕದಾಗಿಸಿ, ಅಕ್ಷರಗಳು ಓದಲಾಗದಷ್ಟು ದೂರದಿಂದ ಎಂಬಂತೆ ನೋಡಿ, ಆಗ ಉಳಿಯುವುದೇನೆಂದು ಬರೆದಿಟ್ಟುಕೊಳ್ಳಬೇಕು. ಉಳಿಯುವುದು ಸಾಮಾನ್ಯವಾಗಿ ಒಂದು ಬಣ್ಣ, ಒಂದು ದೇಹದ ಆಕಾರ, ಒಂದು ಓರೆಗೆರೆ. ರಚನಕಾರನ ನಿಜವಾದ ವಾದ ಅಲ್ಲಿರುತ್ತದೆ. ಹತ್ತಿರ ಬಂದಾಗ ಕಾಣುವ ಸಣ್ಣ ಗುರುತುಗಳು ಆ ವಾದಕ್ಕೆ ಸಾಕ್ಷ್ಯ ಒದಗಿಸುತ್ತವೆ.

ಬಣ್ಣಗಳ ಜಗಳ

ಬಣ್ಣಗಳನ್ನು ಓದುವಾಗ ಧ್ವಜಗಳಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಗಣರಾಜ್ಯದಲ್ಲಿ ಧ್ವಜವೇ ದೊಡ್ಡ ವಿವಾದವಾಗಿತ್ತು. 1919ರ ಆಗಸ್ಟಿನ ಸಂವಿಧಾನದ 3ನೆಯ ವಿಧಿ ಕಪ್ಪು, ಕೆಂಪು, ಬಂಗಾರದ ಬಣ್ಣಗಳನ್ನು ರಾಷ್ಟ್ರದ ಬಣ್ಣಗಳೆಂದು ಸಾರಿತು. ಅದೇ ವಿಧಿ ಹಡಗುಗಳ ವಾಣಿಜ್ಯ ಧ್ವಜಕ್ಕೆ ಮಾತ್ರ ಸಾಮ್ರಾಜ್ಯದ ಹಳೆಯ ಕಪ್ಪು, ಬಿಳಿ, ಕೆಂಪನ್ನು ಉಳಿಸಿ, ಮೂಲೆಯಲ್ಲಿ ಹೊಸ ಬಣ್ಣಗಳನ್ನು ಸೇರಿಸಿತು. ಈ ಒಡಂಬಡಿಕೆ ಯಾರಿಗೂ ತೃಪ್ತಿ ಕೊಡಲಿಲ್ಲ. 1926ರ ಮೇ ತಿಂಗಳಲ್ಲಿ ವಿದೇಶದ ರಾಯಭಾರ ಕಚೇರಿಗಳಲ್ಲಿ ವಾಣಿಜ್ಯ ಧ್ವಜವನ್ನೂ ಹಾರಿಸಲು ಅನುಮತಿಸುವ ಆದೇಶ ಹೊರಟಾಗ ಚಾನ್ಸಲರ್ ಹಾನ್ಸ್ ಲೂಥರ್ ಅವರ ಸರ್ಕಾರವೇ ಬಿದ್ದುಹೋಯಿತು. ಹೀಗಾಗಿ ಭಿತ್ತಿಪತ್ರದ ಮೂಲೆಯಲ್ಲಿ ಕಪ್ಪು, ಬಿಳಿ, ಕೆಂಪಿನ ಸಣ್ಣ ಪಟ್ಟಿಯೊಂದು ಕಂಡರೂ ಅದನ್ನು ಅಲಂಕಾರವೆಂದು ದಾಟಿ ಹೋಗಬಾರದು. ಈ ಗಣರಾಜ್ಯ ನಮ್ಮದಲ್ಲ ಎಂಬ ಘೋಷಣೆ ಅದು. ಅದಕ್ಕೆ ಪ್ರತಿಯಾಗಿ ಕಪ್ಪು, ಕೆಂಪು, ಬಂಗಾರ ಕಂಡರೆ, ವಿಶೇಷವಾಗಿ 1924ರ ಫೆಬ್ರುವರಿಯಲ್ಲಿ ಮಾಗ್ಡೆಬುರ್ಗ್‌ನಲ್ಲಿ ಸ್ಥಾಪನೆಯಾದ ರೈಖ್ಸ್‌ಬಾನರ್ ಸಂಘಟನೆಯ ನಂತರದ ವರ್ಷಗಳಲ್ಲಿ, ಸಂವಿಧಾನವನ್ನು ಬೀದಿಯಲ್ಲಿ ನಿಂತು ಕಾಯುವವರ ಗುರುತೆಂದು ತಿಳಿಯಬೇಕು.

ಕೆಂಪಿನ ಕಥೆ ಇನ್ನೂ ಜಟಿಲ. ಅದು ಮೊದಲಿಗೆ ಸಮಾಜವಾದಿ ಚಳವಳಿಯ ಬಣ್ಣ, 1918ರ ನಂತರ ಕಮ್ಯುನಿಸ್ಟರೂ ಸೋಷಿಯಲ್ ಡೆಮಾಕ್ರಟರೂ ತಮ್ಮದೇ ಎಂದು ಸಾಧಿಸುತ್ತಿದ್ದ ಬಣ್ಣ. ನಾತ್ಸಿಗಳು ತಮ್ಮ ಭಿತ್ತಿಪತ್ರಗಳಿಗೂ 1920ರ ಧ್ವಜದ ನೆಲಕ್ಕೂ ಕೆಂಪನ್ನೇ ಆರಿಸಿಕೊಂಡರು. ಎಡಪಂಥೀಯರನ್ನು ಕೆರಳಿಸಿ ಸಭೆಗಳಿಗೆ ಎಳೆಯುವುದೇ ಆ ಆಯ್ಕೆಯ ಉದ್ದೇಶವಾಗಿತ್ತೆಂದು ಹಿಟ್ಲರ್ ತಾನೇ ಬರೆದುಕೊಂಡಿದ್ದಾನೆ. ಆ ಧ್ವಜದಲ್ಲಿ ಕೆಂಪಿನ ಜೊತೆ ಬಿಳಿ ಮತ್ತು ಕಪ್ಪು ಇರುವುದರಿಂದ ಸಾಮ್ರಾಜ್ಯದ ಬಣ್ಣಗಳೂ ಹಿಂತಿರುಗಿ ಬಂದಂತಾಯಿತು. ಒಂದೇ ಬಟ್ಟೆಯಲ್ಲಿ ಕಾರ್ಮಿಕರ ಕೆಂಪನ್ನೂ ಹಳೆಯ ಚಕ್ರವರ್ತಿ ಕೈಸರನ ಮೂರು ಬಣ್ಣಗಳನ್ನೂ ಕಸಿದುಕೊಂಡ ಈ ಲೆಕ್ಕಾಚಾರವನ್ನು ಗ್ರಹಿಸದೆ ನಾತ್ಸಿ ಭಿತ್ತಿಪತ್ರಗಳ ಬಣ್ಣವನ್ನು ಓದಲಾಗುವುದಿಲ್ಲ. ನಮಗೆ ಪರಿಚಿತವಾದ ಸ್ವಸ್ತಿಕದ ಮಂಗಳಕರ ಭಾವವನ್ನು ಈ ಧ್ವಜದ ಸ್ವಸ್ತಿಕಕ್ಕೆ ಅಂಟಿಸಬಾರದು. ಅದು 1920ಕ್ಕೆ ಮೊದಲೇ ಜರ್ಮನಿಯ ಜನಾಂಗವಾದಿ, ಯಹೂದಿದ್ವೇಷಿ ಗುಂಪುಗಳ ಗುರುತಾಗಿ ಬಳಕೆಯಲ್ಲಿತ್ತು.

ಬಲಪಂಥೀಯರ ಮತ್ತು ಮಧ್ಯಮಮಾರ್ಗಿಗಳ ಕಾಗದಗಳಲ್ಲಿ ಕೆಂಪು ಇನ್ನೊಂದು ಬಗೆಯಲ್ಲಿ ಬರುತ್ತದೆ. ಅಲ್ಲಿ ಅದು ವೈರಿಯ ಮೈಬಣ್ಣ. ಬವೇರಿಯಾದ ಜನತಾ ಪಕ್ಷಕ್ಕಾಗಿ ಹೆರ್ಮನ್ ಕೈಮೆಲ್ ರಚಿಸಿದ ಭಿತ್ತಿಪತ್ರದಲ್ಲಿ ಬೆಂಕಿಯ ಕೊಳ್ಳಿ ಹಿಡಿದು ನಾಡಿನ ಮೇಲೆ ಹೆಜ್ಜೆಹಾಕುವ ಬೊಲ್ಷೆವಿಕ್ ದೈತ್ಯ ಹಾಗೆ ಬಂದವನು. ಆದ್ದರಿಂದ ಕೆಂಪು ಕಂಡೊಡನೆ ಅದು ಎಲ್ಲಿದೆ ಎಂದು ನೋಡಬೇಕು. ಹಿನ್ನೆಲೆಯಲ್ಲಿದ್ದರೆ ಅದು ಸಾಮಾನ್ಯವಾಗಿ ಪಕ್ಷದ ಸ್ವಂತ ಬಣ್ಣ. ಚಿತ್ರದೊಳಗಿನ ಒಂದು ದೇಹಕ್ಕೆ ಮಾತ್ರ ಬಳಿದಿದ್ದರೆ, ಆ ದೇಹ ನಾಯಕನದೋ ವೈರಿಯದೋ ಎಂಬುದನ್ನು ಮುಖದಿಂದ ನಿರ್ಧರಿಸಬೇಕು.

ದೇಹಗಳ ಗಾತ್ರ

ಈ ಕಾಲದ ಭಿತ್ತಿಪತ್ರಗಳಲ್ಲಿ ಮನುಷ್ಯರು ಒಂದೇ ಗಾತ್ರದವರಲ್ಲ. ಯಾರು ದೊಡ್ಡವರು, ಯಾರು ಕಿರಿದಾಗಿದ್ದಾರೆ ಎಂಬುದರಲ್ಲಿಯೇ ರಾಜಕೀಯದ ಅರ್ಧ ಅಡಗಿದೆ. ಕಮ್ಯುನಿಸ್ಟ್ ಪಕ್ಷ 1932ರಲ್ಲಿ ಹೊರಡಿಸಿದ ‘ಈ ವ್ಯವಸ್ಥೆಗೆ ಅಂತ್ಯ ಹಾಡಿ’ ಎಂಬ ಭಿತ್ತಿಪತ್ರದಲ್ಲಿ, ಮೇಜಿನ ಸುತ್ತ ಕುಳಿತ ಕಿರುಗಾತ್ರದ ಆಳುವವರ ಮೇಲೆ ದೈತ್ಯಕಾಯದ ಕಾರ್ಮಿಕನೊಬ್ಬ ಎರಗುತ್ತಾನೆ. ಅದೇ ವರ್ಷ ನಾತ್ಸಿ ಪಕ್ಷಕ್ಕಾಗಿ ಫೆಲಿಕ್ಸ್ ಆಲ್ಬ್ರೆಕ್ಟ್ ಮಾಡಿದ ‘ಕಾರ್ಮಿಕರಾದ ನಾವು ಎಚ್ಚೆತ್ತಿದ್ದೇವೆ’ ಎಂಬ ಭಿತ್ತಿಪತ್ರದಲ್ಲಿಯೂ ದೈತ್ಯಕಾಯದ ಕಾರ್ಮಿಕನೇ ತನ್ನ ಕೆಳಗಿನ ಕುಬ್ಜರನ್ನು ನೋಡುತ್ತಾನೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಭ್ಯಾಸ ಮಾಡುವುದು ಈ ವಿಷಯದಲ್ಲಿ ನಾನು ಸೂಚಿಸಬಲ್ಲ ಅತ್ಯುತ್ತಮ ಪಾಠ. ರಚನೆಯ ಸೂತ್ರ ಒಂದೇ. ವ್ಯತ್ಯಾಸವಿರುವುದು ಕುಬ್ಜರು ಯಾರು ಎಂಬುದರಲ್ಲಿ. ಮೊದಲನೆಯದರಲ್ಲಿ ಅವರು ಅಧಿಕಾರ ಮತ್ತು ಹಣ ಹಿಡಿದವರು. ಎರಡನೆಯದರಲ್ಲಿ ಅವರು ಕಾರ್ಮಿಕನ ಕಿವಿಯನ್ನು ಬಯಸುವ ಮಾರ್ಕ್ಸ್‌ವಾದಿ ಮತ್ತು ಅವನ ಬೆನ್ನಹಿಂದೆ ಪಿಸುಗುಡುವ, ಯಹೂದಿಯೆಂದು ಗುರುತಿಸುವಂತೆ ವಿಕೃತವಾಗಿ ಬರೆದ ಆಕೃತಿ. ದುಡಿಮೆಗಾರನ ಸಿಟ್ಟನ್ನು ವರ್ಗದಿಂದ ಜನಾಂಗಕ್ಕೆ ತಿರುಗಿಸುವ ಕೆಲಸ ಹೀಗೆ ಕೆಲವೇ ಗೆರೆಗಳಲ್ಲಿ ನಡೆದುಹೋಗುತ್ತದೆ.

ಕಟ್ಟುವವನ ಚಿತ್ರವೂ ಇದೇ ರೀತಿ ಕೈಬದಲಾಯಿಸಿತು. 1918ರ ಕೊನೆಯಲ್ಲಿ ಹೊಸ ಸರ್ಕಾರದ ಪ್ರಚಾರ ಸೇವೆ ಮಾಕ್ಸ್ ಪೆಖ್‌ಸ್ಟೈನ್, ಸೀಸರ್ ಕ್ಲೈನ್ ಅವರಂಥ ಎಕ್ಸ್‌ಪ್ರೆಷನಿಸ್ಟ್ ಕಲಾವಿದರನ್ನು ಕೆಲಸಕ್ಕೆ ಕರೆಯಿತು. ರಾಷ್ಟ್ರೀಯ ಸಂವಿಧಾನ ಸಭೆಯನ್ನು ಸಮಾಜವಾದಿ ಗಣರಾಜ್ಯದ ಅಡಿಗಲ್ಲೆಂದು ಸಾರುವ ಪೆಖ್‌ಸ್ಟೈನನ ಭಿತ್ತಿಪತ್ರದಲ್ಲಿ ಗಾರೆ ಕೆಲಸದವನೊಬ್ಬ ನಿಂತಿದ್ದಾನೆ. ಒರಟು ಗೆರೆಗಳು, ಮರದಚ್ಚಿನಂಥ ಮೈಕಟ್ಟು, ಮುಗಿಯದ ಕೆಲಸದ ಭಾವ. 1932ರಲ್ಲಿ ನಾತ್ಸಿಗಳ ‘ನಾವು ಕಟ್ಟುತ್ತೇವೆ’ ಎಂಬ ಭಿತ್ತಿಪತ್ರ ಅದೇ ರೂಪಕವನ್ನು ಎತ್ತಿಕೊಂಡು ದುಡಿಮೆ, ಸ್ವಾತಂತ್ರ್ಯ, ರೊಟ್ಟಿ ಎಂಬ ಮೂರು ಕಲ್ಲುಗಳನ್ನು ತನ್ನದಾಗಿಸಿಕೊಳ್ಳುತ್ತದೆ ಮತ್ತು ಉಳಿದ ಪಕ್ಷಗಳಿಗೆ ಸುಳ್ಳು, ಭ್ರಷ್ಟಾಚಾರ, ಭಯೋತ್ಪಾದನೆಗಳ ನಕ್ಷೆಯನ್ನು ಬಿಟ್ಟುಕೊಡುತ್ತದೆ. ಗಣರಾಜ್ಯವನ್ನು ಕಟ್ಟಲು ಬಂದ ಸಂಕೇತ ಹದಿಮೂರು ವರ್ಷಗಳಲ್ಲಿ ಅದನ್ನು ಕೆಡವುವವರ ಕೈ ಸೇರಿತ್ತು.

ಹೆಂಗಸರ ಚಿತ್ರಗಳನ್ನು ಪ್ರತ್ಯೇಕವಾಗಿ ಗಮನಿಸಬೇಕು. 1919ರ ಜನವರಿ 19ರಂದು ಜರ್ಮನ್ ಮಹಿಳೆಯರು ಮೊದಲ ಬಾರಿ ರಾಷ್ಟ್ರಮಟ್ಟದಲ್ಲಿ ಮತ ಹಾಕಿದರು. ಆ ಚುನಾವಣೆಗಾಗಿ ಸೋಷಿಯಲ್ ಡೆಮಾಕ್ರಟರು ‘ಸಮಾನ ಹಕ್ಕು, ಸಮಾನ ಕರ್ತವ್ಯ’ ಎಂಬ ಬರಹದೊಂದಿಗೆ ಹೆಣ್ಣು ಗಂಡಿಬ್ಬರನ್ನೂ ಒಟ್ಟಿಗೆ ನಿಲ್ಲಿಸಿದರು; ಅಲ್ಲಿ ಅವಳು ನಾಗರಿಕಳು. ಆಲ್ಬ್ರೆಕ್ಟ್‌ನ 1932ರ ಇನ್ನೊಂದು ನಾತ್ಸಿ ಭಿತ್ತಿಪತ್ರ ಹೆಂಗಸರನ್ನೇ ಸಂಬೋಧಿಸಿ, ಕೆಲಸವಿಲ್ಲದ ಲಕ್ಷಾಂತರ ಗಂಡಸರು, ಭವಿಷ್ಯವಿಲ್ಲದ ಲಕ್ಷಾಂತರ ಮಕ್ಕಳು ಎಂದು ಎಣಿಸಿ, ಜರ್ಮನ್ ಕುಟುಂಬವನ್ನು ಉಳಿಸಿ ಎಂದು ಬೇಡುತ್ತದೆ. ಆ ವರ್ಷದ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷವನ್ನು ದಾಟಿತ್ತು, ಹಾಗಾಗಿ ಮಾತು ಸುಳ್ಳಲ್ಲ. ಆದರೆ ಮತದಾರಳಿಗೆ ಹೆಂಡತಿ ಮತ್ತು ತಾಯಿಯ ಸ್ಥಾನದ ಹೊರಗೆ ಅಲ್ಲಿ ಜಾಗವಿಲ್ಲ. ಚಿತ್ರದಲ್ಲಿ ಹೆಣ್ಣು ಯಾರನ್ನು ನೋಡುತ್ತಿದ್ದಾಳೆ ಎಂದು ಕೇಳಿದರೆ ಇದು ಬೇಗ ತಿಳಿಯುತ್ತದೆ: ನಮ್ಮನ್ನೋ, ದಿಗಂತವನ್ನೋ, ಮಡಿಲಿನ ಮಗುವನ್ನೋ?

ಕೈಗಳ ಭಾಷೆಗೆ ಒಂದು ಉದಾಹರಣೆ ಸಾಕು. ಕೇಟೆ ಕೋಲ್ವಿಟ್ಸ್ 1924ರಲ್ಲಿ ಲೈಪ್‌ಸಿಗ್‌ನಲ್ಲಿ ನಡೆದ ಸಮಾಜವಾದಿ ಯುವಕರ ಸಮಾವೇಶಕ್ಕಾಗಿ ಮಾಡಿದ ‘ಇನ್ನೆಂದೂ ಯುದ್ಧ ಬೇಡ’ ಎಂಬ ಶಿಲಾಮುದ್ರಣದಲ್ಲಿ ತರುಣನೊಬ್ಬ ಬಲಗೈ ಮೇಲೆತ್ತಿ ಕೂಗುತ್ತಿದ್ದಾನೆ. ಅದು ಮುಷ್ಟಿಯಲ್ಲ, ಸೆಲ್ಯೂಟೂ ಅಲ್ಲ; ತೋರುಬೆರಳು ಮತ್ತು ನಡುಬೆರಳು ಮಾತ್ರ ನೆಟ್ಟಗಿವೆ. ಜರ್ಮನ್ ನ್ಯಾಯಾಲಯದಲ್ಲಿಯೂ ಸೈನ್ಯದಲ್ಲಿಯೂ ಪ್ರಮಾಣ ಮಾಡುವ ಮುದ್ರೆ ಅದು. ಸೈನಿಕನಾಗಲು ಎತ್ತಬೇಕಾಗಿದ್ದ ಕೈಯನ್ನು ಅವರು ಯುದ್ಧವನ್ನು ನಿರಾಕರಿಸುವ ಪ್ರಮಾಣಕ್ಕೆ ಎತ್ತಿಸಿದ್ದಾರೆ. ಅವರ ಕಿರಿಯ ಮಗ ಪೇಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನಲ್ಲಿ ಸತ್ತಿದ್ದ ಎಂಬುದನ್ನು ತಿಳಿದು ಈ ಬೆರಳುಗಳನ್ನು ನೋಡಿದಾಗ, ಸಂಕೇತವೊಂದಕ್ಕೆ ಎಷ್ಟು ಭಾರ ಹೊರಲು ಸಾಧ್ಯ ಎಂಬುದು ಅರಿವಾಗುತ್ತದೆ.

ವೈರಿಯನ್ನು ಗುರುತಿಸುವುದು

ವೈರಿಯ ಚಿತ್ರಣಕ್ಕೆ ಕೆಲವೇ ಅಚ್ಚುಗಳಿದ್ದವು. 1919ರ ಬೊಲ್ಷೆವಿಕ್ ವಿರೋಧಿ ಭಿತ್ತಿಪತ್ರಗಳಲ್ಲಿ ಹಲ್ಲುಗಳ ನಡುವೆ ರಕ್ತ ಸುರಿಯುವ ಚಾಕು ಕಚ್ಚಿದ ತಲೆಬುರುಡೆ ಬರುತ್ತದೆ. ರೂಡಿ ಫೆಲ್ಡ್‌ನ ‘ಬೊಲ್ಷೆವಿಸಂನ ಅಪಾಯ’ ಇದರ ಪ್ರಸಿದ್ಧ ಮಾದರಿ. ಕೋತಿ, ಹಾವು, ಜೇಡ, ಉದ್ದ ಟೋಪಿಯ ಶ್ರೀಮಂತ, ಒಂಟಿಗಾಜಿನ ಜಮೀನ್ದಾರ ಇವೆಲ್ಲ ಪತ್ರಿಕೆಗಳ ವ್ಯಂಗ್ಯಚಿತ್ರಗಳಿಂದ ಬಂದವು, ಅವುಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ.

ನಿಲ್ಲಬೇಕಾದದ್ದು ಬೆನ್ನಿಗೆ ಇರಿಯುವ ಕಠಾರಿಯ ಮುಂದೆ. ಜರ್ಮನ್ ಸೈನ್ಯ ರಣರಂಗದಲ್ಲಿ ಸೋಲಲಿಲ್ಲ, ಹಿಂದಿನಿಂದ ಇರಿಯಲಾಯಿತು ಎಂಬ ಸುಳ್ಳಿಗೆ 1919ರ ನವೆಂಬರ್ 18ರಂದು ವಿಚಾರಣಾ ಸಮಿತಿಯ ಮುಂದೆ ಯುದ್ಧಕಾಲದ ಸೇನಾ ಮುಖ್ಯಸ್ಥ ಹಿಂಡೆನ್‌ಬುರ್ಗ್ ಕೊಟ್ಟ ಹೇಳಿಕೆ ದೊಡ್ಡ ಬಲ ತುಂಬಿತು. ಜರ್ಮನ್ ರಾಷ್ಟ್ರೀಯ ಜನತಾ ಪಕ್ಷದ 1924ರ ಭಿತ್ತಿಪತ್ರದಲ್ಲಿ ಮುಖ ಮರೆಸಿಕೊಂಡ ಕೆಂಪು ಆಕೃತಿಯೊಂದು ಧ್ವಜ ಹಿಡಿದ ಸೈನಿಕನ ಬೆನ್ನಿಗೆ ಕಠಾರಿ ಹಾಕುತ್ತದೆ. ಇರಿದವರಾರು ಎಂಬ ಪ್ರಶ್ನೆ ಅದರ ಬರಹ. ಇಲ್ಲಿ ಗಮನಿಸಬೇಕಾದದ್ದು ಕಾಣದಿರುವ ಮುಖ. ವೈರಿಗೆ ಮುಖ ಕೊಡದೆ ಬಿಟ್ಟರೆ ನೋಡುಗ ತನಗೆ ಆಗದವನ ಮುಖವನ್ನು ಅಲ್ಲಿ ತುಂಬಿಕೊಳ್ಳುತ್ತಾನೆ. ಒಮ್ಮೆ ಈ ಕಠಾರಿಯನ್ನು ಗುರುತಿಸಿದ ಮೇಲೆ, ನಂತರದ ವರ್ಷಗಳ ಕಾಗದಗಳಲ್ಲಿ ಎಲ್ಲೇ ಕಠಾರಿ ಕಂಡರೂ ಅದು 1918ರ ಸೋಲಿನ ವಾದವನ್ನು ಎಬ್ಬಿಸುತ್ತಿದೆಯೇ ಎಂದು ಪರೀಕ್ಷಿಸಬೇಕು.

ಯಹೂದಿದ್ವೇಷದ ಗುರುತುಗಳು ಎಷ್ಟೋ ಸಲ ಬಹಳ ಚಿಕ್ಕವಾಗಿರುತ್ತವೆ. ಬವೇರಿಯಾದ ಜನಾಂಗವಾದಿ ಕೂಟ 1924ರಲ್ಲಿ ಹೊರಡಿಸಿದ ‘ಸೂತ್ರಧಾರ’ ಎಂಬ ಭಿತ್ತಿಪತ್ರದಲ್ಲಿ ಕಾರ್ಮಿಕರನ್ನು ದಾರದಲ್ಲಿ ಆಡಿಸುವ ದಪ್ಪ ಮನುಷ್ಯನ ಗಡಿಯಾರದ ಸರಪಳಿಯಲ್ಲಿ ಆರು ಮೂಲೆಯ ನಕ್ಷತ್ರವೊಂದು ತೂಗುತ್ತದೆ. ದೂರದಿಂದ ಅದು ಬಂಡವಾಳಶಾಹಿಯ ಚಿತ್ರ, ಹತ್ತಿರದಿಂದ ಯಹೂದಿಯ ಮೇಲಿನ ಆರೋಪ. ಮೂಗು, ತುಟಿ, ಬೆರಳುಗಳ ಉತ್ಪ್ರೇಕ್ಷೆ, ಪಿಸುಗುಡುವ ಭಂಗಿ, ತೆರೆಯ ಹಿಂದೆ ನಿಲ್ಲುವ ಸ್ಥಾನ, ನಾಣ್ಯದ ಚೀಲ ಇವುಗಳನ್ನು ಕಂಡಾಗ ಅದನ್ನು ಆ ಕಾಲದ ವ್ಯಂಗ್ಯ ಶೈಲಿ ಎಂದು ಸುಮ್ಮನಾಗದೆ, ವಿವರಣೆಯಲ್ಲಿ ಸ್ಪಷ್ಟವಾಗಿ ಹೆಸರಿಸಬೇಕು. ಶೈಲಿ ಎಂದು ತೇಲಿಸಿಬಿಡುವ ಬರಹಗಳು ಆ ಚಿತ್ರಗಳಿಗೆ ಬಲಿಯಾದ ಜನರಿಗೆ ಅನ್ಯಾಯ ಮಾಡುತ್ತವೆ.

ಮೂರು ಬಾಣಗಳು

ಸಂಕೇತಗಳ ಯುದ್ಧ ಎಷ್ಟು ಪ್ರಜ್ಞಾಪೂರ್ವಕವಾಗಿತ್ತು ಎಂಬುದಕ್ಕೆ ಮೂರು ಬಾಣಗಳ ಗುರುತು ಅತ್ಯುತ್ತಮ ಪಾಠ. 1931ರ ಡಿಸೆಂಬರಿನಲ್ಲಿ ಸೋಷಿಯಲ್ ಡೆಮಾಕ್ರಟರು, ಕಾರ್ಮಿಕ ಸಂಘಗಳು, ರೈಖ್ಸ್‌ಬಾನರ್ ಮತ್ತು ಕಾರ್ಮಿಕರ ಕ್ರೀಡಾ ಸಂಘಗಳು ಸೇರಿ ಕಬ್ಬಿಣದ ರಂಗ ಎಂಬ ಕೂಟವನ್ನು ಕಟ್ಟಿದವು. ರಷ್ಯಾ ಮೂಲದ ವಿಜ್ಞಾನಿ ಸೆರ್ಗೆಯ್ ಚಖೋಟಿನ್ ಆಗ ಹೈಡೆಲ್‌ಬರ್ಗ್‌ನ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದರು. ಹಿಂದೆ ಶರೀರವಿಜ್ಞಾನಿ ಪಾವ್ಲೋವ್ ಅವರ ಬಳಿ ಕೆಲಸ ಮಾಡಿದವರು. ಗುರುತುಗಳು ಪದೇ ಪದೇ ಕಣ್ಣಿಗೆ ಬಿದ್ದಾಗ ಮನಸ್ಸಿನಲ್ಲಿ ಆಜ್ಞೆಯಂತೆ ಕೆಲಸ ಮಾಡುತ್ತವೆ ಎಂಬುದು ಅವರ ನಂಬಿಕೆ. ಗೋಡೆಗಳ ಮೇಲೆ ನಾತ್ಸಿಗಳು ಬರೆದ ಸ್ವಸ್ತಿಕವನ್ನು ಸೀಮೆಸುಣ್ಣದ ಓರೆಗೆರೆಯಿಂದ ಹೊಡೆದುಹಾಕಿದ್ದನ್ನು ಕಂಡು ಆ ಗೆರೆಯನ್ನೇ ಅವರು ಬಾಣವಾಗಿಸಿದರು, ಒಂದನ್ನು ಮೂರಾಗಿಸಿದರು ಮತ್ತು ರಾಜಕಾರಣಿ ಕಾರ್ಲೋ ಮೀರೆನ್‌ಡೋರ್ಫ್ ಅವರ ಜೊತೆ ಸೇರಿ ಅದನ್ನು ಚಳವಳಿಯ ಚಿಹ್ನೆಯಾಗಿ ಹರಡಿದರು.

ಈ ಚಿಹ್ನೆಯ ಜಾಣ್ಮೆ ಅದರ ಬಿಡಿಸುವಿಕೆಯಲ್ಲಿದೆ. ಎಳೆಯ ಮಗುವೂ ಕ್ಷಣದಲ್ಲಿ ಗೀಚಬಲ್ಲ ಮೂರು ಗೆರೆಗಳು ಸ್ವಸ್ತಿಕದ ಮೇಲೆ ಬಿದ್ದರೆ ಸ್ವಸ್ತಿಕ ಹಾಳಾಗುತ್ತದೆ; ಬಾಣಗಳ ಮೇಲೆ ಸ್ವಸ್ತಿಕ ಬರೆದರೆ ಮಾತ್ರ ಬಾಣಗಳೇ ಅದನ್ನು ಹೊಡೆಯುತ್ತಿರುವಂತೆ ಕಾಣುತ್ತದೆ. ಅರ್ಥವನ್ನು ಬೇಕೆಂದೇ ಸಡಿಲವಾಗಿ ಬಿಟ್ಟಿದ್ದರು: ಪಕ್ಷ, ಸಂಘ, ರೈಖ್ಸ್‌ಬಾನರ್‌ಗಳ ಒಗ್ಗಟ್ಟು ಎಂದೂ ಹೇಳಬಹುದಿತ್ತು, ಮೂವರು ವೈರಿಗಳು ಎಂದೂ ಹೇಳಬಹುದಿತ್ತು. 1932ರ ನವೆಂಬರಿನ ಭಿತ್ತಿಪತ್ರ ಎರಡನೆಯ ಅರ್ಥವನ್ನು ನೇರವಾಗಿ ಬರೆಯಿತು: ಪಾಪೆನ್, ಹಿಟ್ಲರ್, ಟೇಲ್‌ಮನ್ ಮೂವರ ವಿರುದ್ಧ, 2ನೆಯ ಪಟ್ಟಿ. ರಾಜಪ್ರಭುತ್ವವಾದಿಗಳು, ನಾತ್ಸಿಗಳು, ಕಮ್ಯುನಿಸ್ಟರು ಮೂವರನ್ನೂ ಒಂದೇ ಸಾಲಿನಲ್ಲಿಟ್ಟ ಆ ಕಾಗದವನ್ನು ಓದುವಾಗ, ಅದೇ ವರ್ಷ ಕಮ್ಯುನಿಸ್ಟರು ಉಂಗುರದೊಳಗೆ ಎರಡು ಕೆಂಪು ಧ್ವಜಗಳನ್ನಿಟ್ಟು ಫ್ಯಾಸಿಸ್ಟ್ ವಿರೋಧಿ ಕಾರ್ಯಾಚರಣೆಯ ಚಿಹ್ನೆ ಹೊರಡಿಸಿದ್ದರೆಂಬುದನ್ನೂ ನೆನೆಯಬೇಕು. ಆ ಚಿಹ್ನೆಯ ಮೂಲ ರೂಪದಲ್ಲಿ ಎರಡೂ ಧ್ವಜಗಳು ಕೆಂಪು. ಒಂದು ಧ್ವಜ ಕಪ್ಪಾಗಿದ್ದರೆ ನೀವು ನೋಡುತ್ತಿರುವುದು ಎಷ್ಟೋ ದಶಕಗಳ ನಂತರದ ಚಿತ್ರ.

ಇಲ್ಲದಿರುವುದನ್ನೂ ಓದಿ

1932ರ ಎರಡು ನಾತ್ಸಿ ಭಿತ್ತಿಪತ್ರಗಳು ಖಾಲಿ ಜಾಗವನ್ನು ಬಳಸುವ ವಿಧಾನವನ್ನು ಕಲಿಸುತ್ತವೆ. ‘ಮ್ಯೋಲ್ನಿರ್’ ಎಂಬ ಹೆಸರಿನಲ್ಲಿ ಸಹಿ ಮಾಡುತ್ತಿದ್ದ ಹಾನ್ಸ್ ಶ್ವೈಟ್ಸರ್ ಅಧ್ಯಕ್ಷೀಯ ಚುನಾವಣೆಗಾಗಿ ಬರೆದ ‘ನಮ್ಮ ಕೊನೆಯ ಭರವಸೆ: ಹಿಟ್ಲರ್’ ಎಂಬುದರಲ್ಲಿ ಹಿಟ್ಲರ್ ಇಲ್ಲ, ಕೆಲಸ ಕಳೆದುಕೊಂಡ, ಕಂದಿದ ಮುಖಗಳ ಗುಂಪಷ್ಟೇ ಇದೆ. ಇನ್ನೊಂದರಲ್ಲಿ ಜನರೇ ಇಲ್ಲ. ಕಡುಗಪ್ಪಿನ ನಡುವೆ ತೇಲುವ ಹಿಟ್ಲರನ ತಲೆ ಮತ್ತು ಕೆಳಗೆ ಹೆಸರು ಮಾತ್ರ. ಘೋಷಣೆಯಿಲ್ಲ, ಪಟ್ಟಿಯ ಸಂಖ್ಯೆಯಿಲ್ಲ, ಸ್ವಸ್ತಿಕವೂ ಇಲ್ಲ. ಬಣ್ಣಗಳಿಂದ ಕಿಕ್ಕಿರಿದ ಕಂಬದ ಮೇಲೆ ಕಪ್ಪು ಚೌಕವೊಂದು ಹೇಗೆ ಕಣ್ಣನ್ನು ಎಳೆಯುತ್ತಿತ್ತೆಂದು ಯೋಚಿಸಿದರೆ, ನೋಡುವ ದೂರವನ್ನು ಕಲ್ಪಿಸಿಕೊಳ್ಳಬೇಕೆಂದು ಒತ್ತಿ ಹೇಳಿದ ಕಾರಣ ತಿಳಿಯುತ್ತದೆ. ಮೊದಲನೆಯದು ಸಂಕಟವನ್ನು ತೋರಿಸಿ ಪರಿಹಾರವನ್ನು ಹೆಸರಾಗಿ ಇಟ್ಟಿತು. ಎರಡನೆಯದು ಹೆಸರನ್ನೇ ಲಾಂಛನವಾಗಿಸಿತು. ಎರಡರಲ್ಲಿಯೂ ಪಕ್ಷವಾಗಲಿ ಕಾರ್ಯಕ್ರಮವಾಗಲಿ ಮಾಯವಾಗಿವೆ.

ಒಂದನ್ನು ಪೂರ್ತಿಯಾಗಿ ಓದುವುದು

ಈಗ ಸೋಷಿಯಲ್ ಡೆಮಾಕ್ರಟರ ಒಂದು ಭಿತ್ತಿಪತ್ರವನ್ನು ಇದೇ ಕ್ರಮದಲ್ಲಿ ಓದೋಣ. ‘ಸ್ವಸ್ತಿಕದ ಸಾಮ್ರಾಜ್ಯದಲ್ಲಿ ಕಾರ್ಮಿಕ’ ಎಂಬುದು ಅದರ ತಲೆಬರಹ, ಕಾರ್ಲ್ ಗೈಸ್ ಅದರ ರಚನಕಾರ. ಕೆಳಗೆ 1ನೆಯ ಪಟ್ಟಿ ಎಂದಿದೆ. ಹಾಗಾದರೆ 1928, 1930 ಅಥವಾ 1932ರ ಜುಲೈ. 1928ರಲ್ಲಿ ನಾತ್ಸಿಗಳಿಗೆ ಸಿಕ್ಕದ್ದು ಶೇ 2.6 ಮತ, ಅವರ ಆಳ್ವಿಕೆಯನ್ನು ಚಿತ್ರಿಸಿ ಮತದಾರರನ್ನು ಎಚ್ಚರಿಸುವ ಅಗತ್ಯ ಆಗ ಯಾರಿಗೂ ಕಾಣುತ್ತಿರಲಿಲ್ಲ. 1930ರ ಸೆಪ್ಟೆಂಬರಿನಲ್ಲಿ ಅವರು ಶೇ 18.3ಕ್ಕೆ ಏರಿದ ಮೇಲೆಯೇ ಅಂಥ ಸಾಮ್ರಾಜ್ಯ ಸಾಧ್ಯವೆಂಬ ಭಯ ಹುಟ್ಟಿದ್ದು. ಆದ್ದರಿಂದ ಭಿತ್ತಿಪತ್ರ 1932ರ ಜುಲೈ 31ರ ಚುನಾವಣೆಯದು. ಆ ದಿನ ನಾತ್ಸಿಗಳು ಶೇ 37ಕ್ಕೂ ಹೆಚ್ಚು ಮತ ಪಡೆದು 230 ಸ್ಥಾನ ಗೆದ್ದರು.

ದೂರದಿಂದ ನೋಡಿದರೆ ಕೈಚಾಚಿದ ಮನುಷ್ಯದೇಹವೊಂದು ದೊಡ್ಡ ಗುರುತಿನ ಮೇಲೆ ಸಿಕ್ಕಿಕೊಂಡಂತಿದೆ. ಶಿಲುಬೆಗೇರಿಸಿದ ಕ್ರಿಸ್ತನ ಭಂಗಿ ಯಾವ ಜರ್ಮನ್ ನೋಡುಗನಿಗೂ ತಪ್ಪುವಂತಿರಲಿಲ್ಲ. ಹತ್ತಿರ ಬಂದಾಗ ಶಿಲುಬೆಯ ಜಾಗದಲ್ಲಿ ಸ್ವಸ್ತಿಕವಿರುವುದು, ದೇಹ ಕಾರ್ಮಿಕನದಾಗಿರುವುದು ತಿಳಿಯುತ್ತದೆ. ಎದುರಾಳಿಯ ಲಾಂಛನವನ್ನು ಇಲ್ಲಿ ಹೊಡೆದುಹಾಕಿಲ್ಲ, ಚಿಕ್ಕದಾಗಿಸಿಯೂ ಇಲ್ಲ. ಇನ್ನಷ್ಟು ದೊಡ್ಡದಾಗಿಸಿ ಹಿಂಸೆಯ ಯಂತ್ರವಾಗಿ ಮಾಡಲಾಗಿದೆ. ಕಾರ್ಮಿಕರ ಪಕ್ಷವೆಂದು ಕರೆದುಕೊಳ್ಳುವವರ ಗುರುತೇ ಕಾರ್ಮಿಕನನ್ನು ಕೊಲ್ಲುತ್ತದೆ ಎಂಬ ವಾದ ಒಂದೇ ನೋಟಕ್ಕೆ ಸಿಗುತ್ತದೆ. ಧರ್ಮದಿಂದ ದೂರ ನಿಂತಿದ್ದ ಪಕ್ಷ ಕ್ರೈಸ್ತ ಚಿತ್ರವನ್ನು ಎರವಲು ಪಡೆದದ್ದು, ತನ್ನ ಹಳೆಯ ಬೆಂಬಲಿಗರ ಆಚೆಗೂ ತಲುಪಲು ಹವಣಿಸುತ್ತಿದ್ದುದರ ಸೂಚನೆ ಎಂದು ನನಗೆ ತೋರುತ್ತದೆ. ಆದರೆ ಅದರ ದೌರ್ಬಲ್ಯವೂ ಇಲ್ಲಿಯೇ ಇದೆ. ಆಲ್ಬ್ರೆಕ್ಟ್‌ನ ಕಾರ್ಮಿಕ ದೈತ್ಯನಾಗಿ ನಿಂತಿದ್ದ ಅದೇ ಚುನಾವಣೆಯಲ್ಲಿ, ಗೈಸ್‌ನ ಕಾರ್ಮಿಕ ಅಸಹಾಯಕನಾಗಿ ತೂಗುತ್ತಿದ್ದಾನೆ. ಮತದಾರ ತನ್ನನ್ನು ಎರಡನೆಯವನಲ್ಲಿ ಕಂಡುಕೊಳ್ಳಲು ಸುಲಭವಾಗಿ ಒಪ್ಪುವುದಿಲ್ಲ.

ದಾಖಲಿಸುವಾಗ ಕೆಲವು ಎಚ್ಚರಗಳು

1933ರ ಮಾರ್ಚ್ 5ರ ನಂತರದ ಭಿತ್ತಿಪತ್ರಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ. ಆ ವರ್ಷದ ಜುಲೈ ಹೊತ್ತಿಗೆ ಉಳಿದೆಲ್ಲ ಪಕ್ಷಗಳು ಇಲ್ಲವಾಗಿದ್ದವು, ಕಂಬದ ಮೇಲೆ ಉತ್ತರಿಸುವವರು ಯಾರೂ ಇರಲಿಲ್ಲ. ಹಿಂಡೆನ್‌ಬುರ್ಗ್ ಮತ್ತು ಹಿಟ್ಲರ್ ಇಬ್ಬರನ್ನೂ ಒಟ್ಟಿಗೆ ತೋರಿಸುವ ‘ಮಾರ್ಷಲ್ ಮತ್ತು ಕಾರ್ಪೊರಲ್’ ಭಿತ್ತಿಪತ್ರ 1933ರ ನವೆಂಬರಿನದು. ಅಲ್ಲಿ ಸಂಕೇತಗಳ ಜಗಳ ಮುಗಿದು, ಸಮ್ಮತಿಯ ಪ್ರದರ್ಶನ ಆರಂಭವಾಗಿದೆ. ಅಂಥವನ್ನು ವೈಮಾರ್ ಚುನಾವಣೆಗಳ ಜೊತೆ ಒಂದೇ ಗುಂಪಿಗೆ ಸೇರಿಸಬಾರದು.

ಹುಡುಕಾಟಕ್ಕೆ ಬರ್ಲಿನ್ನಿನ ಜರ್ಮನ್ ಐತಿಹಾಸಿಕ ಸಂಗ್ರಹಾಲಯ ಮತ್ತು ಕೋಬ್ಲೆಂಟ್ಸ್‌ನಲ್ಲಿರುವ ಫೆಡರಲ್ ಪತ್ರಾಗಾರದ ಸಂಗ್ರಹಗಳಿಂದ ಆರಂಭಿಸುವುದು ಒಳ್ಳೆಯದು. ಅಲ್ಲಲ್ಲಿ ಹರಿದಾಡುವ ಪ್ರತಿಗಳಲ್ಲಿ ಕೆಳಅಂಚನ್ನು ಕತ್ತರಿಸಿರುತ್ತಾರೆ, ಬಣ್ಣವನ್ನು ಹೊಳಪಾಗಿಸಿರುತ್ತಾರೆ. ಯಾವ ಪ್ರತಿಯ ಹಿಂದೆಯೂ ಒಂದು ಚರಿತ್ರೆಯಿದೆ ಎಂಬುದನ್ನು ಗಮನದಲ್ಲಿಡಬೇಕು. ಬರ್ಲಿನ್ನಿನ ಯಹೂದಿ ದಂತವೈದ್ಯ ಹಾನ್ಸ್ ಸಾಕ್ಸ್ ಕೂಡಿಸಿದ್ದ ಸುಮಾರು 12,500 ಭಿತ್ತಿಪತ್ರಗಳನ್ನು 1938ರಲ್ಲಿ ನಾತ್ಸಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ವಶಪಡಿಸಿಕೊಂಡಿತು. ಅವುಗಳಲ್ಲಿ ಉಳಿದವನ್ನು ಮಗನಿಗೆ ಹಿಂತಿರುಗಿಸಬೇಕೆಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ ತೀರ್ಪು ಕೊಟ್ಟದ್ದು 2012ರಲ್ಲಿ.

ಪ್ರತಿಯೊಂದು ಭಿತ್ತಿಪತ್ರಕ್ಕೂ ಬರೆಯುವ ಟಿಪ್ಪಣಿಯಲ್ಲಿ ಪಕ್ಷ, ಚುನಾವಣೆಯ ದಿನಾಂಕ, ಪಟ್ಟಿಯ ಸಂಖ್ಯೆ, ಮುದ್ರಣದ ಊರು ಇವುಗಳನ್ನು ಮೊದಲಿಗಿಟ್ಟು, ಚಿತ್ರದ ವಿವರಣೆಯನ್ನು ಆಮೇಲೆ ಬರೆಯಿರಿ. ನಂತರ ಅದೇ ಚುನಾವಣೆಯಲ್ಲಿ ಎದುರಾಳಿ ಪಕ್ಷ ಬಳಸಿದ ಒಂದು ಚಿತ್ರವನ್ನಾದರೂ ಹುಡುಕಿ ಜೊತೆಗಿಡಿ. ಜರ್ಮನಿಯಲ್ಲಿ ಪ್ರಕಟಿಸುವವರು ಅಲ್ಲಿನ ದಂಡಸಂಹಿತೆಯ 86ಎ ವಿಧಿಯನ್ನು ಗಮನಿಸಬೇಕು. ನಾತ್ಸಿ ಲಾಂಛನಗಳ ಪ್ರದರ್ಶನವನ್ನು ಅದು ನಿಷೇಧಿಸುತ್ತದೆ. ಬೋಧನೆ, ಸಂಶೋಧನೆ, ಕಲೆ ಮತ್ತು ಚರಿತ್ರೆಯ ನಿರೂಪಣೆಗೆ ವಿನಾಯಿತಿ ಇರುವುದರಿಂದ, ಚಿತ್ರದ ಪಕ್ಕದಲ್ಲಿಯೇ ಅದನ್ನು ಪ್ರಕಟಿಸಿದ ಉದ್ದೇಶ ಮತ್ತು ವಿಶ್ಲೇಷಣೆ ಇರುವಂತೆ ನೋಡಿಕೊಳ್ಳುವುದು ಅಗತ್ಯ.